ಫಲಿತಾಂಶದ ದಿನ ಮೆಸ್ಸಿನಲ್ಲಿ ಯಾರ ಪಕ್ಕ ಕೂರುತ್ತೀರಿ?

(ಬೆಂಗಳೂರಿನಲ್ಲಿ ಬಿ.ಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ನಿವೃತ್ತ ಬೋಧಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಫಲಿತಾಂಶ ಬಂದ ದಿನ ನೀವು ಮೊದಲು ಹುಡುಕುವುದು ಯಾರ ನೋಂದಣಿ ಸಂಖ್ಯೆಯನ್ನು? ನಿಮ್ಮದನ್ನು. ಸರಿ. ಎರಡನೆಯದಾಗಿ ಯಾರದನ್ನು? ಹಿಂದಿನ ಸಾಲಿನಲ್ಲಿ ನಗು ಕೇಳಿಸುತ್ತಿದೆ, ಉತ್ತರ ಗೊತ್ತಿದೆ ಎಂದಾಯಿತು. ಆಪ್ತ ಗೆಳತಿಯದನ್ನಲ್ಲ. ಯಾರು ಫೇಲಾಗಬಹುದು ಎಂದು ನಿಮಗೆ ಮೊದಲೇ ಅನುಮಾನವಿತ್ತೋ ಅವರದನ್ನು. ಪಟ್ಟಿಯ ಫೋಟೊ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದು ಐದು ನಿಮಿಷ ಆಗುವುದರೊಳಗೆ ಯಾರು ಯಾವ ವಿಷಯದಲ್ಲಿ ಎಷ್ಟು ಅಂಕಕ್ಕೆ ಉಳಿದರು ಎಂಬುದು ಹಾಸ್ಟೆಲ್ಲಿನ ಅಡುಗೆಯವರಿಗೂ ತಿಳಿದಿರುತ್ತದೆ.

ನಮ್ಮ ಕಾಲದಲ್ಲಿ ಇಷ್ಟು ವೇಗ ಇರಲಿಲ್ಲ. ಆದರೆ ಗುರುತು ಇನ್ನೂ ಗಟ್ಟಿಯಾಗಿತ್ತು. ನಾನು ಜನರಲ್ ನರ್ಸಿಂಗ್ ಓದಿದ್ದು ಇದೇ ಊರಿನಲ್ಲಿ, ಒಂದು ದೊಡ್ಡ ಆಸ್ಪತ್ರೆಯ ಶಾಲೆಯಲ್ಲಿ. ಅಲ್ಲಿ ನಮ್ಮ ಟೋಪಿಯ ಮೇಲೆ ಕಪ್ಪು ಪಟ್ಟಿ ಇರುತ್ತಿತ್ತು. ಮೊದಲ ವರ್ಷಕ್ಕೆ ಒಂದು, ಎರಡನೆಯ ವರ್ಷಕ್ಕೆ ಎರಡು. 1985ರಲ್ಲಿ ನಾನು ಅನಾಟಮಿಯಲ್ಲಿ ಫೇಲಾದೆ. ನನ್ನ ಜೊತೆಯವರೆಲ್ಲ ಎರಡನೆಯ ಪಟ್ಟಿ ಹೊಲಿದುಕೊಂಡರು. ನಾನು ಆರು ತಿಂಗಳು ಒಂಟಿ ಪಟ್ಟಿಯ ಟೋಪಿಯಲ್ಲೇ ವಾರ್ಡಿನಲ್ಲಿ ಓಡಾಡಿದೆ. ರೋಗಿಗಳಿಗೆ ಅದರ ಅರ್ಥ ತಿಳಿಯುತ್ತಿರಲಿಲ್ಲ. ಆಯಾಗಳಿಗೆ ಚೆನ್ನಾಗಿ ತಿಳಿಯುತ್ತಿತ್ತು. ಬೆಡ್‌ಪ್ಯಾನ್ ತರಲು ಹೇಳಿದರೆ, ‘ಬರುತ್ತೇನೆ ಇರಮ್ಮ’ ಎಂದು ಹೋದವರು ಬರುತ್ತಲೇ ಇರಲಿಲ್ಲ.

ನನ್ನನ್ನು ನೋಯಿಸಿದ್ದು ಆಯಾಗಳಲ್ಲ. ನನಗೊಬ್ಬಳು ಗೆಳತಿಯಿದ್ದಳು. ಹೆಸರು ಬೇಡ. ನಾವಿಬ್ಬರೂ ಒಂದೇ ಟ್ರಂಕಿನಲ್ಲಿ ಬಟ್ಟೆ ಇಟ್ಟುಕೊಂಡು, ಒಂದೇ ಬೀಗ ಹಾಕಿ, ಬೀಗದ ಕೈಯನ್ನು ಸರದಿಯಂತೆ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದವರು. ಭಾನುವಾರ ಮೆಸ್ಸಿನಲ್ಲಿ ಕೇಸರಿಬಾತ್ ಮಾಡುತ್ತಿದ್ದರು. ಯಾರು ಮೊದಲು ಹೋದರೂ ಎರಡು ತಟ್ಟೆ ಹಿಡಿಯಬೇಕು ಎಂಬುದು ನಮ್ಮ ಒಪ್ಪಂದ. ಫಲಿತಾಂಶದ ಮರುದಿನ ಭಾನುವಾರ. ನಾನು ಹೋಗುವಷ್ಟರಲ್ಲಿ ಅವಳು ಪಾಸಾದವರ ಮೇಜಿನಲ್ಲಿ ಕುಳಿತಿದ್ದಳು, ಮುಂದೆ ಒಂದೇ ತಟ್ಟೆ. ನನ್ನನ್ನು ಕಂಡು ನಕ್ಕಳು. ‘ಕಾಫಿ ಆಯಿತೇ?’ ಎಂದು ಕೇಳಿದಳು. ಅಷ್ಟೇ. ಬೈಯಲಿಲ್ಲ, ಹಂಗಿಸಲಿಲ್ಲ. ನಲವತ್ತು ವರ್ಷಗಳ ಹಿಂದಿನ ಆ ಕೇಸರಿಬಾತಿನ ತಟ್ಟೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅನಾಟಮಿ ಪ್ರಶ್ನೆಪತ್ರಿಕೆಯಲ್ಲಿ ಏನು ಕೇಳಿದ್ದರು ಎಂಬುದು ಮರೆತೇಹೋಗಿದೆ.

ಹಾಗಾಗಿ ನಾನು ಇವತ್ತು ಮಾತನಾಡುವುದು ಫೇಲಾದವರಿಗಲ್ಲ, ಪಾಸಾದವರಿಗೆ. ಫೇಲಾದವರಿಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅಪ್ಪ, ಅಮ್ಮ, ಪ್ರಾಂಶುಪಾಲರು, ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರು, ಎಲ್ಲರ ಬಾಯಲ್ಲೂ ಉಪದೇಶವಿದೆ. ‘ಬಿದ್ದವರಿಗೆ ಆಳಿಗೊಂದು ಕಲ್ಲು’ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಒಬ್ಬರು ಫೇಲಾದ ಕೂಡಲೇ ನಾವು ಕಾರಣ ಹುಡುಕಲು ಹೊರಡುತ್ತೇವೆ. ‘ಅವಳು ಯಾವಾಗ ನೋಡಿದರೂ ಮೊಬೈಲಿನಲ್ಲೇ ಇರುತ್ತಿದ್ದಳು.’ ‘ಅವನಿಗೆ ನರ್ಸಿಂಗ್ ಇಷ್ಟವೇ ಇಲ್ಲ, ಮನೆಯವರು ಸೇರಿಸಿದ್ದು.’ ಒಂದೇ ಸಂಜೆಯಲ್ಲಿ ಪೂರ್ತಿ ಚಾರ್ಜ್‌ಶೀಟ್ ಸಿದ್ಧವಾಗುತ್ತದೆ. ಮೊಬೈಲಿನಲ್ಲೇ ಇದ್ದು ಪಾಸಾದವರ ಹೆಸರು ಮಾತ್ರ ಆ ಚಾರ್ಜ್‌ಶೀಟಿನಲ್ಲಿ ಇರುವುದಿಲ್ಲ.

ಇದು ನಿಮ್ಮ ಕೆಟ್ಟತನ ಎಂದು ನಾನು ಹೇಳುವುದಿಲ್ಲ. ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಸಹೋದ್ಯೋಗಿ ಕ್ಯಾರೊಲಿನ್ ಸಿಮನ್ಸ್ ಜೊತೆ ಸೇರಿ ನಡೆಸಿದ ಒಂದು ಪ್ರಯೋಗ 1966ರಲ್ಲಿ ಪ್ರಕಟವಾಯಿತು. ನಿಮ್ಮ ವಯಸ್ಸಿನ ವಿದ್ಯಾರ್ಥಿನಿಯರನ್ನು ಕೂರಿಸಿ, ಇನ್ನೊಬ್ಬ ಹೆಣ್ಣುಮಗಳು ಪಾಠ ಕಲಿಯುವುದನ್ನು ತೋರಿಸಿದರು. ಆಕೆ ತಪ್ಪು ಉತ್ತರ ಕೊಟ್ಟಾಗಲೆಲ್ಲ ಆಕೆಗೆ ವಿದ್ಯುತ್ ಷಾಕ್. ಷಾಕ್ ನಿಜವಲ್ಲ, ನಟನೆ. ಆದರೆ ನೋಡುವವರಿಗೆ ಅದು ತಿಳಿಯದು. ಆಕೆಯ ನೋವನ್ನು ನಿಲ್ಲಿಸುವುದು ತಮ್ಮ ಕೈಯಲ್ಲಿಲ್ಲ ಎಂದಾದಾಗ ನೋಡುತ್ತಿದ್ದವರು ಏನು ಮಾಡಿದರು? ಮರುಗಲಿಲ್ಲ. ಆಕೆಯ ಬೆಲೆಯನ್ನೇ ಇಳಿಸಿದರು. ಆಕೆ ಅಂಥ ಮೆಚ್ಚುವ ವ್ಯಕ್ತಿಯೇನಲ್ಲ ಎಂದು ಅಂಕ ಕೊಟ್ಟರು. ಆಕೆಯನ್ನು ಷಾಕಿನಿಂದ ಬಿಡಿಸುವ ಅವಕಾಶ ಸಿಕ್ಕ ಗುಂಪಿನಲ್ಲಿ ಈ ತಾತ್ಸಾರ ಅಷ್ಟು ಇರಲಿಲ್ಲ.

ಲರ್ನರ್ ಇದಕ್ಕೆ ಕೊಟ್ಟ ವಿವರಣೆ ಇಷ್ಟು: ಲೋಕದಲ್ಲಿ ಎಲ್ಲರಿಗೂ ತಕ್ಕದ್ದೇ ಸಿಗುತ್ತದೆ ಎಂದು ನಂಬದಿದ್ದರೆ ನಮಗೆ ನಿದ್ದೆ ಬರುವುದಿಲ್ಲ. ಚೆನ್ನಾಗಿ ಓದಿದವಳೂ ಫೇಲಾಗಬಹುದು ಎಂದಾದರೆ ಮುಂದಿನ ಸಲ ನಾನೂ ಆಗಬಹುದಲ್ಲ! ಅದಕ್ಕಾಗಿ, ಅವಳು ಓದಿರಲಿಲ್ಲ ಎಂದು ತೀರ್ಮಾನಿಸಿಬಿಟ್ಟರೆ ನಾನು ಸುರಕ್ಷಿತ. ನಿಮ್ಮ ಚಾರ್ಜ್‌ಶೀಟಿನ ಕೆಳಗೆ ಇರುವ ಸಹಿ ಭಯದ್ದು.

ಇನ್ನು ಫೇಲಾಗುವುದು ಹೇಗೆ ಎಂಬುದನ್ನೂ ಸ್ವಲ್ಪ ನೋಡೋಣ. ನೂರಕ್ಕೆ ಐವತ್ತು ಬಂದರೆ ಪಾಸು, ನಲವತ್ತೊಂಬತ್ತು ಬಂದರೆ ಫೇಲು. ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ, ಎರಡರಲ್ಲೂ ಪಾಸಾಗಬೇಕು. ಥಿಯರಿ ತರಗತಿಗೆ ಶೇಕಡ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಇದರ ಮೇಲೆ ವಾರ್ಡಿನ ಪೋಸ್ಟಿಂಗ್, ಕೇರ್ ಪ್ಲಾನ್, ಕೇಸ್ ಪ್ರೆಸೆಂಟೇಷನ್, ಲಾಗ್‌ಬುಕ್ಕಿಗೆ ಸಹಿ ಹಾಕಿಸಲು ಟ್ಯೂಟರ್ ಹಿಂದೆ ಅಲೆದಾಟ. ಎಂಜಿನಿಯರಿಂಗ್ ಓದುವ ನಿಮ್ಮ ಅಣ್ಣಂದಿರಿಗೆ ಇದು ಅರ್ಥವಾಗುವುದಿಲ್ಲ, ಬಿಡಿ. ರಾತ್ರಿ ಪಾಳಿ ಮುಗಿಸಿ ಬಂದು ಬೆಳಗ್ಗೆ ಮೈಕ್ರೊಬಯಾಲಜಿ ಇಂಟರ್ನಲ್ಸ್ ಬರೆದವರಿಗಷ್ಟೇ ಅರ್ಥವಾಗುತ್ತದೆ.

ಭಾಷೆಯ ಮಾತನ್ನೂ ಹೇಳಬೇಕು. ಬೆಂಗಳೂರಿನ ನರ್ಸಿಂಗ್ ತರಗತಿ ಒಂದು ಸಂತೆ. ಕೇರಳದವರು, ಮಣಿಪುರದವರು, ಬಂಗಾಳದವರು, ಜೊತೆಗೆ ರಾಯಚೂರು, ಕೊಪ್ಪಳ, ಚಾಮರಾಜನಗರದ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಪರೀಕ್ಷೆ ಇಂಗ್ಲಿಷಿನಲ್ಲಿ. ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತದೆ ಎಂದು ಕನ್ನಡದಲ್ಲಿ ಕೇಳಿದರೆ ಅಂಗೈ ಮೇಲೆ ಚಿತ್ರ ಬರೆದು ತೋರಿಸುವ ಹುಡುಗ ಉತ್ತರಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದು ನಿಲ್ಲುತ್ತಾನೆ. ಇದರ ಇನ್ನೊಂದು ಮುಖವನ್ನೂ ನಾನು ಕಂಡಿದ್ದೇನೆ. ತರಗತಿಗೇ ಮೊದಲು ಬರುತ್ತಿದ್ದ ಒಬ್ಬ ಹುಡುಗಿ, ಕನ್ನಡ ಹೊಸದು. ವಾರ್ಡಿನಲ್ಲಿ ಮಾಗಡಿ ಕಡೆಯ ಅಜ್ಜಿಯೊಬ್ಬರು ‘ಹೊಟ್ಟೆ ತೊಳಸುತ್ತಿದೆಯಮ್ಮ’ ಎಂದರು. ಈಕೆ ಡಾಕ್ಟರ ಬಳಿ ಓಡಿಹೋಗಿ, ರೋಗಿ ಹೊಟ್ಟೆ ತೊಳೆಸಿಕೊಳ್ಳಲು ಕೇಳುತ್ತಿದ್ದಾರೆ, ನಳಿಕೆ ಹಾಕಿ ತೊಳೆಯುವುದೇ ಎಂದು ಕೇಳಿದಳು. ಪುಣ್ಯಕ್ಕೆ ಡಾಕ್ಟರು ಮಂಡ್ಯದವರು. ವಾಕರಿಕೆಗೆ ಔಷಧ ಬರೆದು ಕಳಿಸಿದರು. ಇಡೀ ವಾರ್ಡ್ ನಕ್ಕಿತು, ಅವಳೂ ನಕ್ಕಳು. ಆದರೆ ಅದಕ್ಕೆ ಯಾರೂ ಅವಳನ್ನು ಫೇಲು ಮಾಡಲಿಲ್ಲ. ಆ ಪ್ರಶ್ನೆ ಪತ್ರಿಕೆಯಲ್ಲಿ ಇರಲಿಲ್ಲವಲ್ಲ.

ಇನ್ನೊಂದು ಉದಾಹರಣೆ. ಕೈಯಲ್ಲಿ ಪೆನ್ನು ಇದ್ದವರು ಲೆಕ್ಕ ಹಾಕಿ. 500 ಮಿಲಿಲೀಟರ್ ಸಲೈನ್, ನಾಲ್ಕು ಗಂಟೆಯಲ್ಲಿ ಹೋಗಬೇಕು. ಒಂದು ಮಿಲಿಲೀಟರಿಗೆ 20 ಹನಿ ಬೀಳಿಸುವ ಡ್ರಿಪ್ ಸೆಟ್. ನಿಮಿಷಕ್ಕೆ ಎಷ್ಟು ಹನಿ? ಹೌದು, ಸುಮಾರು 42. ಐನೂರನ್ನು ಇಪ್ಪತ್ತರಿಂದ ಗುಣಿಸಿ ನಾಲ್ಕು ಗಂಟೆಯ 240 ನಿಮಿಷದಿಂದ ಭಾಗಿಸಿದರಾಯಿತು. ನನ್ನ ಒಬ್ಬ ವಿದ್ಯಾರ್ಥಿ ಫಾರ್ಮಕಾಲಜಿಯಲ್ಲಿ ಎರಡು ಸಲ ಉಳಿದ. ಅವನಿಗೆ ಔಷಧಗಳ ಹೆಸರು, ಅಡ್ಡಪರಿಣಾಮ, ಎಲ್ಲ ಬಾಯಿಪಾಠ. ಎಲ್ಲಿ ಎಡವುತ್ತಿದ್ದಾನೆ ಎಂದು ನನಗೆ ತಿಳಿಯಲಿಲ್ಲ. ಕಂಡುಹಿಡಿದವನು ಅವನ ರೂಮ್‌ಮೇಟ್. ಒಂದು ರಾತ್ರಿ ಇಬ್ಬರೂ ಲೆಕ್ಕ ಮಾಡುತ್ತ ಕುಳಿತಾಗ, ಇವನಿಗೆ ಎರಡು ಅಂಕಿಗಿಂತ ದೊಡ್ಡ ಸಂಖ್ಯೆಯಿಂದ ಭಾಗಿಸುವುದೇ ಬರುವುದಿಲ್ಲ ಎಂಬುದು ಗೊತ್ತಾಯಿತು. ಅವನು ಫೇಲಾಗಿದ್ದದ್ದು ಫಾರ್ಮಕಾಲಜಿಯಲ್ಲಲ್ಲ, ಆರನೆಯ ತರಗತಿಯ ಭಾಗಾಕಾರದಲ್ಲಿ. ನಾಚಿಕೆಯಿಂದ ಅದನ್ನು ಎಂಟು ವರ್ಷ ಬಚ್ಚಿಟ್ಟುಕೊಂಡು ಬಂದಿದ್ದ. ಆ ರೂಮ್‌ಮೇಟ್ ನಗಲಿಲ್ಲ. ನಕ್ಕಿದ್ದರೆ ಇವನು ಇನ್ನೂ ಎಂಟು ವರ್ಷ ಬಚ್ಚಿಡುತ್ತಿದ್ದ. ಡ್ರಿಪ್ ಏರಿಸುವ ಕೈಯಲ್ಲಿ ಅಂಥ ಗುಟ್ಟು ಇರಬಾರದು.

ನಾವು ಬೋಧಕರು ಏನು ಕಡಿಮೆಯಿಲ್ಲ. ಅಂಕಗಳನ್ನು ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ಓದುವ ಅಭ್ಯಾಸ ನನಗೂ ಇತ್ತು. ಅತಿ ಕಡಿಮೆ ಬಂದವಳನ್ನು ಮೊದಲು ನಿಲ್ಲಿಸುವುದು, ಕೊನೆಯ ಹೆಸರಿನವರೆಗೂ ನಿಲ್ಲಿಸಿಯೇ ಇರುವುದು. ಹುರುಪು ಬರಲಿ ಎಂದು ಮಾಡುತ್ತಿದ್ದೆ. ಹುರುಪು ಬರುತ್ತಿತ್ತು, ಕುಳಿತಿದ್ದವರಿಗೆ. ಹೀಗೆ ನಿಂತವಳೊಬ್ಬಳು ಸೋಮವಾರ ತರಗತಿಗೆ ಬರಲಿಲ್ಲ, ಮಂಗಳವಾರ ಬರಲಿಲ್ಲ, ಆಮೇಲೆ ಅವಳ ತಂದೆ ಬಂದು ಪ್ರಮಾಣಪತ್ರಗಳನ್ನು ತೆಗೆದುಕೊಂಡು ಹೋದರು. ಅವರು ಕುರಿ ಮಾರಿ ಶುಲ್ಕ ಕಟ್ಟಿದ್ದವರು. ನನ್ನ ಬಳಿ ಒಂದು ಮಾತೂ ಆಡಲಿಲ್ಲ. ‘ಬರುತ್ತೇವೆ ಮೇಡಂ’ ಎಂದರು. ಅವಳು ಈಗ ಎಲ್ಲಿದ್ದಾಳೆ ಎಂದು ಗೊತ್ತಿಲ್ಲ.

ಇಲ್ಲಿಗೆ ಬರುವ ಮೊದಲು ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕೊಡಿ ಎಂದಿದ್ದೆ. ಒಂದು ಚೀಟಿ ಹೀಗಿದೆ: ‘ಮೇಡಂ, ಮೂರು ಸಲ ಫೇಲಾಗಿ ಪಾಸಾದ ನರ್ಸಿನ ಕೈಗೆ ನಿಮ್ಮ ತಾಯಿಯನ್ನು ಒಪ್ಪಿಸುತ್ತೀರಾ?’

ಹೆಸರು ಹಾಕಿಲ್ಲ, ಆದರೆ ಒಳ್ಳೆಯ ಪ್ರಶ್ನೆ. ಇದನ್ನು ಕೇಳಿದವರನ್ನು ಕಟುಕರು ಎಂದು ತಳ್ಳಿಹಾಕಬೇಡಿ. ನಮ್ಮ ಕೆಲಸದಲ್ಲಿ ತಪ್ಪಿಗೆ ಬೆಲೆ ತೆರುವವರು ರೋಗಿಗಳು. ಹಾಗಾಗಿ ಜರಡಿ ಬೇಕು, ಕಣ್ಣು ಸಣ್ಣದೇ ಇರಬೇಕು. ಪಾಪ ಎಂದು ಎರಡು ಅಂಕ ಸೇರಿಸಿ ದಾಟಿಸುವುದು ದಯೆಯಲ್ಲ, ಆ ಭಾರವನ್ನು ಹಾಸಿಗೆಯ ಮೇಲೆ ಮಲಗಿದವರ ತಲೆಗೆ ಹೊರಿಸಿದಂತೆ. ನಾನು ಪರೀಕ್ಷಕಿಯಾಗಿ ಎಷ್ಟೋ ಮಂದಿಯನ್ನು ಫೇಲು ಮಾಡಿದ್ದೇನೆ. ಒಬ್ಬರ ವಿಷಯದಲ್ಲೂ ಪಶ್ಚಾತ್ತಾಪವಿಲ್ಲ.

ಆದರೆ ಜರಡಿಯ ಅರ್ಥವೇನು? ಇವತ್ತು ಕೆಳಗೆ ಬೀಳಲಿಲ್ಲ, ಮತ್ತೆ ಬಾ ಎಂದು. ಮೂರನೆಯ ಸಲ ಬಿದ್ದ ಕಾಳೂ ಅದೇ ಕಣ್ಣಿನಿಂದಲೇ ಬಿದ್ದದ್ದು. ರಾಜ್ಯ ನರ್ಸಿಂಗ್ ಕೌನ್ಸಿಲ್ ನಿಮಗೆ ಕೊಡುವ ನೋಂದಣಿ ಸಂಖ್ಯೆಯ ಮುಂದೆ ‘ಮೂರನೆಯ ಪ್ರಯತ್ನ’ ಎಂದು ಬರೆದಿರುವುದಿಲ್ಲ. ಅದನ್ನು ಬರೆಯುವವರು ನೀವು, ಬಾಯಿಂದ, ಫೇಲಾಗಿ ಹಿಂದೆ ಬಿದ್ದವರನ್ನು ಕರೆಯುವ ‘ಆಡ್ ಬ್ಯಾಚ್’ ಎಂಬ ಎರಡು ಪದಗಳಲ್ಲಿ. ಆ ಎರಡು ಪದ ಕೆಲವರ ಬೆನ್ನು ಹತ್ತಿ ಕೆಲಸದ ಜಾಗಕ್ಕೂ ಹೋಗುತ್ತದೆ.

ನನ್ನ ತಾಯಿಯ ವಿಷಯಕ್ಕೆ ಬರುತ್ತೇನೆ. ನಾನು ಹೆದರುವುದು ಬೇರೆಯವರಿಗೆ. ಒಮ್ಮೆ ಬೆಳಗಿನ ರೌಂಡ್ಸಿಗೆ ಹೋದಾಗ ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ಚಾರ್ಟ್ ನೋಡಿದೆ. ಎಲ್ಲ ರೋಗಿಗಳ ಉಸಿರಾಟ ನಿಮಿಷಕ್ಕೆ 20. ನ್ಯುಮೋನಿಯಾ ಆದವರಿಗೂ 20, ಹರ್ನಿಯಾ ಆಪರೇಷನ್ ಆದವರಿಗೂ 20. ಎಂಟನೆಯ ಹಾಸಿಗೆಯ ಮುದುಕರು ಕಣ್ಣ ಮುಂದೆ ಏದುಸಿರು ಬಿಡುತ್ತಿದ್ದಾರೆ, ನಾನೇ ಎಣಿಸಿದೆ, 34. ಬರೆದವಳು ತರಗತಿಯ ಮೊದಲ ಮೂವರಲ್ಲಿ ಒಬ್ಬಳು, ಒಂದು ವಿಷಯದಲ್ಲೂ ಉಳಿದವಳಲ್ಲ. ಯಾರನ್ನೂ ಮುಟ್ಟದೆ, ಎಣಿಸದೆ, ಮೇಜಿನಲ್ಲಿ ಕುಳಿತು ಚಾರ್ಟ್ ತುಂಬಿಸಿದ್ದಳು. ಅವಳನ್ನು ವಾರ್ಡಿನಿಂದ ಹೊರಗೆ ಕಳಿಸಿದೆ. ಅವತ್ತು ಮಧ್ಯಾಹ್ನ ಇಡೀ ತರಗತಿ ಅವಳ ಪರ ವಕಾಲತ್ತಿಗೆ ಬಂತು. ‘ಎಲ್ಲರೂ ಒಂದೊಂದು ಸಲ ಹಾಗೆ ಬರೆಯುತ್ತಾರೆ ಮೇಡಂ.’ ಇದೇ ತರಗತಿ ಹಿಂದಿನ ತಿಂಗಳು 46 ಅಂಕ ಬಂದ ಹುಡುಗಿಯ ಪಕ್ಕ ಕೂರಲು ಹಿಂಜರಿದಿತ್ತು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಆಧುನಿಕ ನರ್ಸಿಂಗಿಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಶಾಲೆ ಆರಂಭವಾದಾಗ ಮೊದಲ ತಂಡದಲ್ಲಿ ಇದ್ದವರು 15 ಮಂದಿ. ಅವರಿಗೂ ತಿಂಗಳು ತಿಂಗಳು ಅಂಕಪಟ್ಟಿ ಇತ್ತು. ಅದರಲ್ಲಿ ಡ್ರೆಸ್ಸಿಂಗ್ ಮುಂತಾದ ಕೆಲಸಗಳ ಜೊತೆಗೆ ಸಮಯಪಾಲನೆ, ಸದ್ದಿಲ್ಲದೆ ನಡೆದುಕೊಳ್ಳುವುದು, ನಂಬಿಕೆಗೆ ಯೋಗ್ಯಳೇ ಎಂಬುದು, ಇವಕ್ಕೆಲ್ಲ ಅಂಕಣಗಳಿದ್ದವು. ಸದ್ದಿಲ್ಲದಿರುವುದಕ್ಕೆ ಅಂಕ ಕೊಡುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಹೆಣ್ಣುಮಕ್ಕಳು ಬೇಕಾದ್ದಕ್ಕಿಂತ ಹೆಚ್ಚೇ ಸುಮ್ಮನಿದ್ದಾರೆ. ಆದರೆ ಮೂರನೆಯ ಅಂಕಣವನ್ನು ನಾವು ಎಲ್ಲಿ ಕಳೆದುಕೊಂಡೆವು ಎಂದು ಯೋಚಿಸುತ್ತೇನೆ. ಉತ್ತರಪತ್ರಿಕೆಯಲ್ಲಿ ತಪ್ಪು ಬರೆದು ಸಿಕ್ಕಿಬಿದ್ದವಳಿಗೆ ಕಳಂಕ, ಚಾರ್ಟಿನಲ್ಲಿ ಸುಳ್ಳು ಬರೆದು ಸಿಕ್ಕಿಬೀಳದವಳಿಗೆ ಪದಕ. ಚೀಟಿ ಬರೆದವರೇ, ನನ್ನ ತಾಯಿಯನ್ನು 20 ಎಂದು ಬರೆದವಳ ಕೈಗೆ ಕೊಡುವುದಿಲ್ಲ. ಮೂರನೆಯ ಸಲ ಪಾಸಾಗಿ, ಎದೆಯ ಮೇಲೆ ಕಣ್ಣಿಟ್ಟು ಒಂದು ನಿಮಿಷ ಎಣಿಸುವವಳ ಕೈಗೆ ಕೊಡುತ್ತೇನೆ.

ಹಾಗೆಂದು ಫೇಲಾದವರೆಲ್ಲ ಮುಂದೆ ಅಪರಂಜಿ ಆಗುತ್ತಾರೆ ಎಂಬ ಕಥೆಯನ್ನು ನಾನು ಹೇಳುತ್ತಿಲ್ಲ. ಆ ಕಥೆ ನನಗೆ ಹಿಡಿಸುವುದಿಲ್ಲ. ಫೇಲಾದವರಲ್ಲಿ ಸೋಮಾರಿಗಳೂ ಇದ್ದರು, ನಿಜವಾಗಿ ಈ ಕೆಲಸಕ್ಕೆ ಹೊಂದದೆ ಬಿಟ್ಟುಹೋಗಿ ನೆಮ್ಮದಿಯಾಗಿರುವವರೂ ಇದ್ದಾರೆ. ಒಬ್ಬ ಈಗ ಹೆಸರಘಟ್ಟದ ಕಡೆ ಗುಲಾಬಿ ಬೆಳೆಯುತ್ತಾನೆ. ನನ್ನನ್ನು ಕಂಡರೆ ಒಂದು ಕಟ್ಟು ಹೂ ಕೊಡುತ್ತಾನೆ, ಮತ್ತು ‘ನೀವು ಫೇಲು ಮಾಡಿದ್ದು ಒಳ್ಳೆಯದಾಯಿತು’ ಎನ್ನುತ್ತಾನೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಘಟನೆ. ಯಾವ ಆಸ್ಪತ್ರೆ ಎಂದು ಕೇಳಬೇಡಿ.

ನಿಮಗೆ ಗೊತ್ತಿದೆ, ಇನ್ಸುಲಿನ್ ನಮ್ಮಲ್ಲಿ ಎರಡು ಸಾಂದ್ರತೆಯಲ್ಲಿ ಬರುತ್ತದೆ. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಬೇರೆ ಬೇರೆ. ನಲವತ್ತರದಕ್ಕೆ ಕೆಂಪು ಮುಚ್ಚಳ, ನೂರರದಕ್ಕೆ ಕಿತ್ತಳೆ ಮುಚ್ಚಳ. ರಾತ್ರಿ ಪಾಳಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು 10 ಯೂನಿಟ್ ಕೊಡಬೇಕಿತ್ತು. ಕೈಗೆ ಸಿಕ್ಕಿದ್ದು ನೂರರ ಬಾಟಲಿ, ಟ್ರೇಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜ್. ಹತ್ತರ ಗೆರೆಗೆ ಎಳೆದು ಕೊಟ್ಟಳು. ಲೆಕ್ಕ ಮಾಡಿ. ಆ ಸಿರಿಂಜಿನಲ್ಲಿ ಹತ್ತರ ಗೆರೆ ಎಂದರೆ ಕಾಲು ಮಿಲಿಲೀಟರ್. ನೂರರ ಬಾಟಲಿಯ ಕಾಲು ಮಿಲಿಲೀಟರಿನಲ್ಲಿ 25 ಯೂನಿಟ್. ಎರಡೂವರೆ ಪಟ್ಟು.

ಕಸದ ಡಬ್ಬಿಗೆ ಹಾಕುವಾಗ ಮುಚ್ಚಳದ ಬಣ್ಣ ಕಂಡಿತು. ತಪ್ಪು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಅವಳು ಬಂದು ಹೇಳಿದ್ದು ನಲವತ್ತು ನಿಮಿಷದ ನಂತರ. ಅಷ್ಟು ಹೊತ್ತಿಗೆ ರೋಗಿ ಬೆವರುತ್ತಿದ್ದರು, ಮಾತು ತೊದಲುತ್ತಿತ್ತು, ಗ್ಲುಕೋಮೀಟರ್ ಸಕ್ಕರೆ 46 ಎಂದು ತೋರಿಸಿತು, ತೀರ ಕಡಿಮೆ. ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆಯ ದ್ರಾವಣ ಹಾಕಿದರು, ಬೆಳಗಿನವರೆಗೂ ಗಂಟೆಗೊಮ್ಮೆ ಸಕ್ಕರೆ ನೋಡಿದರು, ರೋಗಿ ಉಳಿದರು. ಮರುದಿನ ನಾನು ಅವಳನ್ನು ಕೂರಿಸಿಕೊಂಡು ಕೇಳಿದೆ. ಆ ನಲವತ್ತು ನಿಮಿಷ ಎಲ್ಲಿದ್ದೆ? ಲಿನನ್, ಅಂದರೆ ಹಾಸಿಗೆಯ ಬಟ್ಟೆ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದಳಂತೆ. ಏಕೆ? ಅವತ್ತು ಅದೇ ವಾರ್ಡಿನಲ್ಲಿ ಸೀನಿಯರ್ ಆಗಿದ್ದವಳು ಅವಳ ಕಾಲೇಜಿನವಳೇ. ಎರಡನೆಯ ವರ್ಷದಲ್ಲಿ ಇವಳು ಮೆಡಿಕಲ್ ಸರ್ಜಿಕಲ್ ನರ್ಸಿಂಗಿನಲ್ಲಿ ಫೇಲಾದಾಗ, ‘ಇವಳ ಕೈಗೆ ರೋಗಿ ಸಿಕ್ಕರೆ ದೇವರೇ ಗತಿ’ ಎಂದು ಎಲ್ಲರ ಮುಂದೆ ಅಂದು ನಗಿಸಿದ್ದವಳು. ‘ಹೋಗಿ ಹೇಳಿದರೆ ಅವಳ ಮಾತೇ ನಿಜವಾಗುತ್ತಿತ್ತು ಮೇಡಂ’ ಎಂದಳು.

ನಾನು ಇವಳ ತಪ್ಪನ್ನು ಅವಳ ತಲೆಗೆ ಕಟ್ಟುತ್ತಿಲ್ಲ. ಸಿರಿಂಜ್ ನೋಡದೆ ತೆಗೆದದ್ದು ಇವಳು, ನಲವತ್ತು ನಿಮಿಷ ನಿಂತದ್ದೂ ಇವಳು. ಅದಕ್ಕೆ ಶಿಸ್ತು ಕ್ರಮ ಆಯಿತು, ಆಗಲೇಬೇಕಿತ್ತು. ಆದರೆ ಮೆಸ್ಸಿನಲ್ಲಿ ಆಡಿದ ಒಂದು ನಗೆಮಾತು ಮೂರು ವರ್ಷ ಕಾದುಕೊಂಡಿದ್ದು, ನಡುರಾತ್ರಿ ಲಿನನ್ ಕೋಣೆಯ ಬಾಗಿಲಿಗೆ ಅಗುಳಿ ಹಾಕಿತಲ್ಲ! ಆ ರೋಗಿಗೆ ಮೂವರು ಮಕ್ಕಳಿದ್ದರು. ಅವರಿಗೆ ಇದಾವುದೂ ಗೊತ್ತಿಲ್ಲ.

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ನರ್ಸಿಂಗ್ ಘಟಕಗಳಲ್ಲಿ ಔಷಧದ ತಪ್ಪುಗಳನ್ನು ಅಧ್ಯಯನ ಮಾಡಿದ್ದರು. ಅದು 1996ರಲ್ಲಿ ಪ್ರಕಟವಾಯಿತು. ಒಗ್ಗಟ್ಟಿರುವ, ಒಳ್ಳೆಯ ಮೇಲ್ವಿಚಾರಕಿ ಇರುವ ಘಟಕದಲ್ಲಿ ತಪ್ಪುಗಳು ಕಡಿಮೆ ಇರುತ್ತವೆ ಎಂದು ಅವರು ಎಣಿಸಿದ್ದರು. ಅಂಕಿಅಂಶ ತಿರುವುಮುರುವಾಗಿ ಬಂತು. ಒಳ್ಳೆಯ ಘಟಕಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು! ಮತ್ತೆ ಪರಿಶೀಲಿಸಿದಾಗ ಗುಟ್ಟು ತಿಳಿಯಿತು. ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೇಳುತ್ತಿದ್ದರು. ಉಳಿದ ಕಡೆ ಮೇಲ್ವಿಚಾರಕಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರು, ಕಾಗದದ ಮೇಲೆ ಎಲ್ಲವೂ ಚೊಕ್ಕ. ಅಂಥ ಚೊಕ್ಕ ವಾರ್ಡನ್ನು ಕಂಡರೆ ನನಗೆ ಆ ಮೂವತ್ತು ಇಪ್ಪತ್ತುಗಳು ನೆನಪಾಗುತ್ತವೆ.

ಆ ಮೇಲ್ವಿಚಾರಕಿಯರು ಎಲ್ಲಿಂದ ಬರುತ್ತಾರೆ ಎಂದುಕೊಂಡಿದ್ದೀರಿ? ಇಲ್ಲಿಂದ, ಈ ಬೆಂಚುಗಳಿಂದ. ಇನ್ನು ಹದಿನೈದು ವರ್ಷಕ್ಕೆ ನಿಮ್ಮಲ್ಲಿ ಹತ್ತಾರು ಮಂದಿ ವಾರ್ಡಿನ ಇನ್‌ಚಾರ್ಜ್ ಆಗಿರುತ್ತೀರಿ. ಬಾಗಿಲಲ್ಲಿ ನಡುಗುತ್ತ ನಿಂತ ಹುಡುಗಿಯನ್ನು ನೋಡಿ ನಿಮ್ಮ ಹುಬ್ಬು ಹೇಗೆ ಏರುತ್ತದೆ ಎಂಬುದನ್ನು ನೀವು ಅವತ್ತು ಹೊಸದಾಗಿ ಕಲಿಯುವುದಿಲ್ಲ. ಈಗಲೇ ಕಲಿಯುತ್ತಿದ್ದೀರಿ.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ದೊಡ್ಡದೇನೂ ಇಲ್ಲ. ಅಯ್ಯೋ ಪಾಪ ಎನ್ನಬೇಡಿ, ಅದು ತಾತ್ಸಾರದ ತಂಗಿ. ‘ನಾನೂ ಸರಿಯಾಗಿ ಬರೆದಿರಲಿಲ್ಲ, ಹೇಗೋ 78 ಬಂತು’ ಎಂದು ಸಮಾಧಾನ ಹೇಳಬೇಡಿ, ಗಾಯದ ಮೇಲೆ ಬರೆ. ಮೌಲ್ಯಮಾಪಕರನ್ನು ಬೈದು ಖುಷಿಪಡಿಸಬೇಡಿ. ನಿಮ್ಮ ನೋಟ್ಸಿಗಿಂತ ನಿಮ್ಮ ಒಂದು ಗಂಟೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪಕ್ಕ ಕುಳಿತು ಉತ್ತರವನ್ನು ಅವರ ಬಾಯಿಂದ ಹೇಳಿಸಿ, ಎಲ್ಲಿ ನಿಲ್ಲುತ್ತಾರೆ ಎಂದು ನೋಡಿ. ಭಾಗಾಕಾರದ ಹುಡುಗನಿಗೆ ಆದದ್ದು ಅದೇ. ಲರ್ನರ್ ಪ್ರಯೋಗವನ್ನೂ ನೆನಪಿಡಿ. ಕೈ ಕೊಡಲು ದಾರಿಯಿದ್ದವರಿಗೆ ತಾತ್ಸಾರ ಮಾಡುವ ಅಗತ್ಯವೇ ಬೀಳಲಿಲ್ಲ.

ಇದಕ್ಕೂ ಒಂದು ಮಿತಿಯಿದೆ. ಪ್ರತಿ ಸಲ ನಿಮ್ಮ ಕೇರ್ ಪ್ಲಾನ್ ನಕಲು ಮಾಡಿ, ಪರೀಕ್ಷೆಯಲ್ಲಿ ನಿಮ್ಮ ಹಾಳೆ ಇಣುಕಿ, ಫೇಲಾದಾಗ ನಿಮ್ಮನ್ನೇ ದೂರುವ ಗೆಳೆಯರಿದ್ದರೆ ಅವರನ್ನು ಹೊತ್ತುಕೊಂಡು ನಡೆಯಬೇಕಿಲ್ಲ. ಆಗುವುದಿಲ್ಲ ಎಂದು ಮುಖಕ್ಕೆ ಹೇಳಿ. ಬೆನ್ನ ಹಿಂದೆ ಹೇಳಬೇಡಿ.

ಇನ್ನೊಂದು ವಿಷಯ, ಇದನ್ನು ನಗುತ್ತ ಹೇಳಲಾರೆ. ಫಲಿತಾಂಶದ ನಂತರ ಊಟ ಬಿಟ್ಟು ಮಲಗಿದವರು, ಮನೆಗೆ ಫೋನ್ ಮಾಡದವರು, ಇದ್ದಕ್ಕಿದ್ದಂತೆ ತಮ್ಮ ಪುಸ್ತಕ ಬಟ್ಟೆಗಳನ್ನು ಹಂಚುವವರು, ‘ಇನ್ನೇನು ಉಳಿದಿದೆ’ ಎನ್ನುವವರು ಇದ್ದರೆ ಒಬ್ಬರೇ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ನಿಮಗೆ ಮನೋರೋಗ ಶುಶ್ರೂಷೆಯ ಪಾಠದಲ್ಲಿ ಹೇಳುತ್ತಾರೆ. ವಾರ್ಡನ್ ಅವರನ್ನು ನಡುರಾತ್ರಿಯಾದರೂ ಎಬ್ಬಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇದೆ, ಕನ್ನಡದಲ್ಲಿ ಮಾತನಾಡುತ್ತಾರೆ. ಸಂಖ್ಯೆಯನ್ನು ಈಗಲೇ ಮೊಬೈಲಿನಲ್ಲಿ ಸೇರಿಸಿಕೊಳ್ಳಿ. ನಾನು ಕಾಯುತ್ತೇನೆ.

ಆಯಿತೇ? ಸರಿ. ನನ್ನ ಗೆಳತಿಯ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಕೆಲವು ವರ್ಷಗಳ ಹಿಂದೆ ನಮ್ಮ ಬ್ಯಾಚಿನವರು ಸೇರಿದ್ದೆವು. ಎಲ್ಲರ ತಲೆಯೂ ಬೆಳ್ಳಗಾಗಿದೆ. ಊಟದಲ್ಲಿ ಕೇಸರಿಬಾತ್ ಬಂತು, ನಾನು ಹಲ್ಲು ಕಚ್ಚಿಕೊಂಡು ಕೇಳಿಯೇಬಿಟ್ಟೆ. ಅವಳಿಗೆ ಮರೆತಿರುತ್ತದೆ ಎಂದುಕೊಂಡಿದ್ದೆ. ಮರೆತಿರಲಿಲ್ಲ. ‘ನನಗೆ ಆ ಸಲ ಬಂದದ್ದು ಸರಿಯಾಗಿ ಐವತ್ತು’ ಎಂದಳು. ‘ನಿನ್ನ ಪಕ್ಕ ಕುಳಿತರೆ ನನ್ನನ್ನೂ ನಿನ್ನ ಜೊತೆ ಎಣಿಸುತ್ತಾರೆ ಎಂದು ಹೆದರಿದ್ದೆ.’ ಅಷ್ಟೂ ವರ್ಷ ನಾನು ಅವಳನ್ನು ಪಾಸಾದ ಸೊಕ್ಕಿನವಳು ಎಂದು ತಿಳಿದಿದ್ದೆ. ನಾನೂ ಒಂದು ಚಾರ್ಜ್‌ಶೀಟ್ ಬರೆದುಕೊಂಡಿದ್ದೆ.

ಕೊನೆಯ ಸಾಲಿನಲ್ಲಿ ಯಾರೋ ಕೈ ಎತ್ತಿದ್ದೀರಿ. ಗಟ್ಟಿಯಾಗಿ ಹೇಳಮ್ಮ. ಈ ವಾರ ಫಲಿತಾಂಶ ಬರುತ್ತದೆ, ರೂಮ್‌ಮೇಟ್ ಫೇಲಾದರೆ ಮೊದಲ ಮಾತು ಏನು ಹೇಳಲಿ ಎಂದೇ?

ಊಟಕ್ಕೆ ಕರೆ. ನಿಮ್ಮ ಮೆಸ್ ಎಂಟೂವರೆಗೆ ಮುಚ್ಚುತ್ತದಲ್ಲ?